ಅಳತಿ ಜಂಪರು

ನರಗುಂದ
೧೬ ಜೂನ್ ೨೦೨೪

ಅವ್ವಾ,

ಉಡಚಪ್ಪ ಮಾಮಾ ಶುಕ್ರವಾರ ತನ್ನ ಬಸ್ಸಿನಿಂದ ಗಂಟು ಇಳಿಸಿಕೊಟ್ಟ. ರೊಟ್ಟಿ, ಶೇಂಗಾ ಚಟ್ನಿ, ಹೊಸ ಜಂಪರು ಎಲ್ಲ ಮುಟ್ಟಿದವು. ಚಟ್ನಿ ಚಲೋ ಆಗಿದೆ. ಜಂಪರು ಆಗಿಲ್ಲ.

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಮನೆಯ ಫೋನು ಬೀರಲಿಂಗಣ್ಣನದು. ಅವನು ಅದನ್ನು ಸ್ಪೀಕರಿಗೆ ಹಾಕಿ ಕಟ್ಟೆಯ ಮೇಲೆ ಇಡುತ್ತಾನೆ. ನಾನು ಒಂದು ಮಾತು ಕೇಳಿದರೆ ಅಣ್ಣ, ವೈನಿ, ಹಾಲು ಒಯ್ಯಲು ಬಂದವರು ಎಲ್ಲರೂ ಉತ್ತರ ಕೊಡುತ್ತಾರೆ. ನನ್ನ ಕಂಕುಳಿನ ಸುದ್ದಿ ಅಷ್ಟು ಜನಕ್ಕೆ ಬೇಡ. ಹೇಗೂ ಗಂಟು ಹೋಗಿಬರುತ್ತದೆ, ಅದರಲ್ಲೇ ಕಾಗದವೂ ಹೋಗಲಿ.

ಉಸಿರು ಹಿಡಿದರೆ ಕೊಂಡಿ ಹಾಕಲು ಬರುತ್ತದೆ. ಆದರೆ ತೋಳಿನ ಬುಡ ಎಷ್ಟು ಬಿಗಿಯಾಗಿದೆ ಎಂದರೆ ಬಲಗೈ ಭುಜಕ್ಕಿಂತ ಮೇಲೆ ಏಳುವುದಿಲ್ಲ. ಇದೊಂದೇ ಅಲ್ಲ, ಕೆಲಸಕ್ಕೆ ಸೇರಿದಾಗಿನಿಂದ ಖತೀಜಾಬಿ ಹೊಲಿದ ಪ್ರತಿಯೊಂದೂ ಹೀಗೆ. ಒಳಗಿನ ಹೊಲಿಗೆ ಬಿಚ್ಚೋಣವೆಂದರೆ ಬಿಚ್ಚಲು ಬಟ್ಟೆ ಉಳಿದಿರುವುದಿಲ್ಲ. ಕೊನೆಗೆ ಸೆರಗನ್ನು ಎರಡೂ ಭುಜದ ಮೇಲೆ ಹೊದ್ದು ಪಿನ್ನು ಚುಚ್ಚಿಕೊಂಡು ಕಾಲೇಜಿಗೆ ಹೋಗುತ್ತೇನೆ.

ನಿನಗೆ ಹೇಳದ ಒಂದು ವಿಷಯ ಇದೆ. ನಾನು ಬೋರ್ಡಿನ ಕೆಳಗಿನ ಅರ್ಧದಲ್ಲಿ ಮಾತ್ರ ಬರೆಯುತ್ತೇನೆ. ಹುಡುಗರು ‘ಅರ್ಧ ಬೋರ್ಡ್ ಮಿಸ್’ ಎಂದು ಹೆಸರಿಟ್ಟಿದ್ದಾರೆ. ಅದು ಮೈಯ ಬಗ್ಗೆ ಇಟ್ಟ ಹೆಸರಲ್ಲವಲ್ಲ ಎಂದು ಮೊದಮೊದಲು ಸಮಾಧಾನವೇ ಆಗಿತ್ತು.

ಈಗ ಅರ್ಧ ಬೋರ್ಡು ಸಾಲದು. ಆಗಸ್ಟ್ ಕೊನೆಗೆ ಗಣಿತದ ಖಾಯಂ ಹುದ್ದೆಗೆ ಆಯ್ಕೆ ನಡೆಯುತ್ತದೆ. ಆಡಳಿತ ಮಂಡಳಿಯವರು ಹಿಂದಿನ ಬೆಂಚಿನಲ್ಲಿ ಕೂತು ಒಂದು ಪಾಠ ನೋಡುತ್ತಾರೆ. ನನ್ನ ಪಾಲಿಗೆ ಬಂದದ್ದು ಪರವಲಯ. ಮೇಲಕ್ಕೆ ಎಸೆದ ಕಲ್ಲು ಗಾಳಿಯಲ್ಲಿ ಏರಿ ಇಳಿಯುತ್ತದಲ್ಲ, ಆ ದಾರಿಯ ಗೆರೆ ಅದು. ಅದಕ್ಕೆ ಇಡೀ ಬೋರ್ಡು ಬೇಕು. ಅರ್ಧದಲ್ಲಿ ಬರೆದರೆ ಕವುಚಿಟ್ಟ ತಟ್ಟೆಯ ಹಾಗೆ ಕಾಣುತ್ತದೆ. ಐದು ವರ್ಷ ಅತಿಥಿ ಉಪನ್ಯಾಸಕಿಯಾಗಿ ದುಡಿದಿದ್ದೇನೆ. ಬೇರೆಯವರು ಖಾಯಂ ಆಗಿ ಬಂದರೆ ನನಗೆ ಈಗಿರುವ ತಾಸುಗಳೂ ಇರುವುದಿಲ್ಲ.

ಇದರೊಂದಿಗೆ ನೀಲಿ ಪೀಸು ಇದೆ, ನನ್ನ ಕಂದು ಅಳತಿ ಜಂಪರೂ ಇದೆ. ಹೋದ ಸಲ ಕಳಿಸಿದ್ದೂ ಇದನ್ನೇ. ಕಂಕುಳಲ್ಲಿ ಬೇರೆ ಬಟ್ಟೆಯ ತುಂಡು ಸೇರಿಸಿ ನಾನೇ ಕೈಹೊಲಿಗೆ ಹಾಕಿದ್ದೇನೆ. ಹೊರಗೆ ತೊಡುವಂತಿಲ್ಲ, ಆದರೆ ನನಗೆ ಸರಿಯಾಗುವುದು ಇದೊಂದೇ. ತೋಳಿಗೆ ಚೀಟಿ ಚುಚ್ಚಿದ್ದೇನೆ: ‘ಇದರಂತೆಯೇ ಹೊಲಿಯಿರಿ. ಬಿಗಿ ಬೇಡ.’ ಖತೀಜಾಬಿಗೆ ಅಕ್ಷರ ಕಾಣದಿದ್ದರೆ ಮಗಳು ಜಹೀದಾ ಓದುತ್ತಾಳೆ.

ನಿನ್ನ
ಅನ್ನಪೂರ್ಣಾ


ಅಬ್ಬಿಗೇರಿ
೨೫ ಜೂನ್ ೨೦೨೪

ಅನ್ನಪೂರ್ಣಾಳಿಗೆ ಅವ್ವ ಬರೆದದ್ದು.

ನಾವೆಲ್ಲ ಇದ್ದ ಹಾಗೆ ಇದ್ದೇವೆ. ಹೆಸರು ಬಿತ್ತಿದ್ದು ಚೆನ್ನಾಗಿ ಮೊಳೆತಿದೆ. ಮೇಲಿನ ಹಲಗೆಯ ಮೇಲಿದ್ದ ಉಪ್ಪಿನಕಾಯಿ ಡಬ್ಬಿಯನ್ನು ನಿನ್ನ ವೈನಿ ಲಕ್ಷ್ಮೀ ಇಳಿಸಿಕೊಟ್ಟಳು, ನಿನಗೂ ಒಂದಿಷ್ಟು ಕಟ್ಟಿದ್ದೇನೆ. ಎಣ್ಣೆ ಬಸಿದು ತಿನ್ನು.

ಜಂಪರಿನ ವಿಷಯ ತಿಳಿಯಿತು. ಖತೀಜಾಬಿಗೆ ವಯಸ್ಸಾಯಿತು, ಕಣ್ಣು ಮಂಜು. ಶನಿವಾರ ಗಜೇಂದ್ರಗಡಕ್ಕೆ ಹೋದಾಗ ಹೇಳುತ್ತೇನೆ. ನೀಲಿ ಪೀಸು ಒಳ್ಳೆಯದಾಯಿತು, ನಿನಗೆ ಗಾಢ ಬಣ್ಣವೇ ಒಪ್ಪುತ್ತದೆ. ಅಗಲ ಅಂಚು, ದೊಡ್ಡ ಹೂವು ತೆಗೆದುಕೊಳ್ಳಬೇಡ ಎಂದು ಎಷ್ಟು ಸಲ ಹೇಳಿದ್ದೇನೆ.

ಮುಂಜಾನೆ ಬಿಸಿನೀರಿಗೆ ನಿಂಬೆಹಣ್ಣು ಹಿಂಡಿಕೊಂಡು ಕುಡಿ. ನರೇಗಲ್ಲಿನ ನಮ್ಮ ಕವಿತಾ ಅದರಿಂದಲೇ ಕಡ್ಡಿಯಾಗಿದ್ದಾಳೆ. ಆಗಸ್ಟಿಗೆ ಇನ್ನೂ ಎರಡು ತಿಂಗಳಿವೆ. ಅಷ್ಟರಲ್ಲಿ ನೀನೇ ಸ್ವಲ್ಪ ಇಳಿದರೆ ಜಂಪರು ತಾನಾಗಿ ಸರಿಹೋಗುತ್ತದೆ.

ರೋಣದ ಒಬ್ಬರು ನಿನ್ನನ್ನು ಕೇಳಿದ್ದಾರೆ. ಹುಡುಗ ಪಂಚಾಯಿತಿಯಲ್ಲಿ ನೌಕರಿ. ಆ ದೀಪಾವಳಿಯಲ್ಲಿ ತೆಗೆಸಿದ ಫೋಟೋ ಕೊಟ್ಟಿದ್ದೇನೆ. ಗುಲಾಬಿ ಜಂಪರಿನಲ್ಲಿ ಎಷ್ಟು ಲಕ್ಷಣವಾಗಿದ್ದೀ.

ಕೈ ಎತ್ತದೆಯೂ ಪಾಠ ಹೇಳಬಹುದು. ನಮ್ಮ ಸಾಲಿ ಮಾಸ್ತರರು ಏಳನೇ ಇಯತ್ತೆ ಮುಗಿಯುವವರೆಗೂ ಕುರ್ಚಿ ಬಿಟ್ಟು ಎದ್ದಿರಲಿಲ್ಲ.

ಇಂತಿ
ಅವ್ವ


ನರಗುಂದ
೧೪ ಜುಲೈ ೨೦೨೪

ಅವ್ವಾ,

ನೀಲಿ ಜಂಪರು ಬಂತು. ಬಿಗಿಯಾಗಿದೆ. ಹೋದದ್ದಕ್ಕಿಂತ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ, ಅಷ್ಟೇ ಬಿಗಿ. ಒಬ್ಬ ದರ್ಜಿ ತಪ್ಪು ಮಾಡಿದರೆ ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಆಗಬೇಕು. ಇವಳ ತಪ್ಪು ಮಾತ್ರ ಕೂದಲೆಳೆಯಷ್ಟೂ ಅಲುಗುವುದಿಲ್ಲ.

ಕಂದು ಜಂಪರೂ ಮರಳಿ ಬಂತು. ಚೀಟಿ, ಪಿನ್ನು ಎರಡೂ ನಾನು ಚುಚ್ಚಿದಲ್ಲೇ ಇವೆ. ಮಡಿಕೆಯೂ ನಾನು ಹಾಕಿದ್ದೇ. ಅಂದರೆ ಖತೀಜಾಬಿ ಅದನ್ನು ಬಿಚ್ಚಿಯೂ ನೋಡಿಲ್ಲ. ಕಣ್ಣು ಮಂಜಾದವರು ಕೈಯಿಂದಾದರೂ ಮುಟ್ಟುತ್ತಾರೆ.

ನಿನ್ನೆ ಇಲ್ಲಿಯ ಪೇಟೆಯಲ್ಲಿ ರೆಡಿಮೇಡ್ ಕೇಳಲು ಹೋಗಿದ್ದೆ. ಅಂಗಡಿಯವಳು ನನ್ನ ಮುಖ ನೋಡಲಿಲ್ಲ. ಸೊಂಟ ನೋಡಿ, ‘ನಿಮ್ಮ ಸೈಜ ಬರೂದಿಲ್ರಿ ಅಕ್ಕಾರ. ಹೊಲಸ್ಕೋಬೇಕ್ರಿ’ ಎಂದಳು. ದನಿಯಲ್ಲಿ ಕೆಟ್ಟತನ ಇರಲಿಲ್ಲ. ಮಳೆ ಬರುವುದಿಲ್ಲ ಎನ್ನುವ ಹಾಗೆ ಹೇಳಿದಳು. ಪಕ್ಕದ ದರ್ಜಿಯ ಹತ್ತಿರ ಹೋದೆ. ಅವನು ಟೇಪನ್ನು ಕೊರಳಿನಿಂದ ತೆಗೆಯಲೇ ಇಲ್ಲ. ಎರಡು ಪೀಸು ತರಬೇಕು, ಹೊಲಿಗೆಯ ರೊಕ್ಕವೂ ಎರಡರದ್ದು ಎಂದ. ಒಳಗೆ ಗುಂಡಿ ಹಾಕುತ್ತಿದ್ದವರು ನಕ್ಕರು. ನಾನು ಪೀಸನ್ನು ಚೀಲಕ್ಕೆ ಹಾಕಿಕೊಂಡು ಬಂದೆ.

ನಾನು ಮುಂಜಾನೆ ಏನೇನು ಮಾಡುತ್ತೇನೆಂದು ನಿನಗೆ ಗೊತ್ತಿಲ್ಲ. ಸೀರೆಗೆ ರಾತ್ರಿಯೇ ಇಸ್ತ್ರಿ ಹಾಕಿ ತೂಗುಬಿಟ್ಟಿರುತ್ತೇನೆ. ನೆರಿಗೆ ಹಿಡಿದು, ಬಿಚ್ಚಿ, ಮತ್ತೆ ಹಿಡಿಯುತ್ತೇನೆ. ಸ್ಟಾಫ್ ರೂಮಿನಲ್ಲಿ ನನ್ನಷ್ಟು ಒಪ್ಪವಾಗಿ ಸೀರೆ ಉಡುವವರು ಇಲ್ಲ. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ. ತೆಳ್ಳಗಿರುವವಳ ನೆರಿಗೆ ಜಾರಿದರೆ ಅವಸರದಲ್ಲಿ ಬಂದಿದ್ದಾಳೆ ಎನ್ನುತ್ತಾರೆ. ನನ್ನದು ಜಾರಿದರೆ ಅದು ನನ್ನ ಸ್ವಭಾವವಾಗುತ್ತದೆ. ಅದಕ್ಕೇ ಜಾರಲು ಬಿಡುವುದಿಲ್ಲ. ಇಷ್ಟೆಲ್ಲ ಮಾಡಿ ಕೊನೆಗೆ ಆ ಜಂಪರಿನೊಳಗೆ ತೋಳು ತೂರಿಸಿದೊಡನೆ ಹಗ್ಗ ಹಾಕಿ ಕಟ್ಟಿದ ಮೂಟೆಯಾಗುತ್ತೇನೆ. ಕೈ ಕೆಳಗಿಟ್ಟುಕೊಂಡೇ ನಡೆಯಬೇಕು, ಕೈ ಕೆಳಗಿಟ್ಟುಕೊಂಡೇ ನಗಬೇಕು. ಅದನ್ನು ನೋಡಿದವರು ಅಂಜುಬುರುಕಿ ಎನ್ನುತ್ತಾರೆ.

ಪ್ರಿನ್ಸಿಪಾಲರು ಬುಧವಾರ ಕರೆದು ಕೂರಿಸಿದರು. ‘ಖಾಯಂ ಪೋಸ್ಟ ಅಂದ್ರ ಪರ್ಸನಾಲಿಟಿನೂ ನೋಡ್ತಾರ್ರಿ ಮೇಡಂ. ನೀವು ಭಾಳ ಮುದುಡಿ ನಿಂದರ್ತೀರಿ’ ಎಂದರು. ಹೌದ್ರಿ ಸರ್ ಎಂದೆ.

ಆ ಫೋಟೋ ಯಾಕೆ ಕೊಟ್ಟೆ? ಅವರು ನನ್ನನ್ನು ನೋಡಿದ ದಿನ ಅದು ಸುಳ್ಳಾಗುತ್ತದೆ. ನಾನೇ ಸುಳ್ಳು ಹೇಳಿದಂತೆ ಆಗುತ್ತದೆ.

ಇನ್ನು ಖತೀಜಾಬಿ ಬೇಡ. ಗದಗಿನಲ್ಲಿ ಯಾರನ್ನಾದರೂ ಹುಡುಕುತ್ತೇನೆ.

ನಿನ್ನ
ಅನ್ನಪೂರ್ಣಾ


ಅಬ್ಬಿಗೇರಿ
೨೧ ಜುಲೈ ೨೦೨೪

ಅನ್ನಪೂರ್ಣಾಳಿಗೆ ಅವ್ವ ಬರೆದದ್ದು.

ಖತೀಜಾಬಿಯನ್ನು ಬಿಡಬೇಡ. ನೀನು ತೊಟ್ಟಿಲಲ್ಲಿದ್ದಾಗ ನಿನಗೆ ಕುಂಚಿಗೆ ಹೊಲಿದವಳು ಅವಳು. ಮುಂದಿನ ಸಲ ನಾನೇ ಎದುರಿಗೆ ನಿಂತು ಹೊಲಿಸುತ್ತೇನೆ.

ನಾಗರ ಪಂಚಮಿಗೆ ಎರಡು ದಿನ ಮೊದಲೇ ಬಾ. ರೋಣದವರು ಆ ದಿನವೇ ಬರುತ್ತೇವೆ ಎಂದಿದ್ದಾರೆ. ನೀಲಿ ಜಂಪರು ತೊಡು. ಉಂಡಿ ಕಟ್ಟಲು ಲಕ್ಷ್ಮೀ ಒಬ್ಬಳಿಗೇ ಆಗುವುದಿಲ್ಲ. ನೀನು ಕಟ್ಟಿದರೆ ಸಾಕು, ತಿನ್ನುವುದು ಕಡಿಮೆ ಇರಲಿ.

ನೀನಾಗಿ ಗಜೇಂದ್ರಗಡಕ್ಕೆ ಹೋಗುವ ತ್ರಾಸು ತೆಗೆದುಕೊಳ್ಳಬೇಡ. ಹಬ್ಬದ ಗದ್ದಲ, ನಿಲ್ಲಲು ಜಾಗ ಇರುವುದಿಲ್ಲ.

ಇಂತಿ
ಅವ್ವ


ನರಗುಂದ
೪ ಆಗಸ್ಟ್ ೨೦೨೪

ಅವ್ವಾ,

ಇಂದು ಗಜೇಂದ್ರಗಡಕ್ಕೆ ಹೋಗಿದ್ದೆ. ರೋಣದಲ್ಲಿ ಬಸ್ಸು ಬದಲಿಸಿ ಆ ದಾರಿಯಿಂದ ಹೋದೆ. ಅಬ್ಬಿಗೇರಿಯ ಮೇಲೆ ಹೋಗಲಿಲ್ಲ. ನೀನು ಬೇಡ ಎನ್ನದಿದ್ದರೆ ಬಹುಶಃ ಹೋಗುತ್ತಲೇ ಇರಲಿಲ್ಲ.

ಖತೀಜಾಬಿಯ ಪಡಸಾಲೆಯ ತುಂಬ ಹೆಂಗಸರು. ಒಬ್ಬಳಿಗೆ ಕೊಂಡಿ ಆಗಬೇಕು, ಒಬ್ಬಳಿಗೆ ಸೀರೆಗೆ ಫಾಲು. ನಾನು ನೀಲಿ ಜಂಪರನ್ನು ಮಶೀನಿನ ಮೇಲೆ ಇಟ್ಟು, ಇದನ್ನು ಯಾವ ಅಳತಿಗೆ ಹೊಲಿದಿರಿ ಎಂದು ಕೇಳಿದೆ. ಜಗಳಕ್ಕೇ ಹೋಗಿದ್ದೆ. ಮಾತುಗಳನ್ನು ಬಸ್ಸಿನಲ್ಲೇ ಜೋಡಿಸಿಕೊಂಡಿದ್ದೆ.

ಅವಳು ಕನ್ನಡಕ ಏರಿಸಿ ನನ್ನನ್ನು ನೋಡಿದಳು. ಮೊದಲು ಮುಖ, ಆಮೇಲೆ ಭುಜ. ‘ನೀ ಫಕೀರವ್ವನ ಮಗಳೇನ? ಕುಂದರು. ಜಗಳ ನಿನಗೊಬ್ಬಾಕಿಗೇ ಬರತದಂತ ತಿಳೀಬ್ಯಾಡ, ನಿಮ್ಮವ್ವನ ಕೂಡ ನಂದು ದಿನಾ ಐತಿ’ ಎಂದಳು. ಜಹೀದಾಳನ್ನು ಕರೆದು ಬಟ್ಟೆಯ ಡಬ್ಬಿ ತರಿಸಿದಳು. ಹೋದ ಸಲ ಅಳತಿಗೆ ಕೊಟ್ಟ ಜಂಪರನ್ನು, ಮುಂದಿನ ಸಲಕ್ಕೂ ಇರಲಿ ಎಂದು, ನೀನು ಅಲ್ಲೇ ಬಿಟ್ಟುಬಂದಿದ್ದೆಯಂತೆ. ಅದರೊಳಗಿಂದ ಗುಲಾಬಿ ಜಂಪರು ತೆಗೆದು ನನ್ನ ಮಡಿಲಿಗೆ ಹಾಕಿದಳು.

ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

‘ಪ್ರತೀ ಸಲ ಇದನ್ನ ಕೊಡ್ತಾಳ. ಇದು ಯಾವ ಹುಡುಗೀದೇ ಫಕೀರವ್ವಾ ಅಂದೆ. ನನ್ನ ಮಗಳದ, ನೀ ಹೊಲಿ ಅಂದ್ಲು. ಮಗಳು ಬೆಳದಿರಬೇಕಲ್ಲ ಅಂದೆ. ಇಳೀತಾಳ ಅಂದ್ಲು.’

ನೀಲಿ ಜಂಪರನ್ನು ಮಶೀನಿನ ಮೇಲಿಂದ ತೆಗೆದು ಚೀಲಕ್ಕೆ ಹಾಕಿಕೊಂಡೆ. ಐದು ವರ್ಷ ನಾನು ಆ ಮುದುಕಿಯನ್ನು ಬೈದಿದ್ದೇನೆ. ನೀನು ತಪ್ಪನ್ನು ಅವಳ ಕಣ್ಣಿನ ಮೇಲೆ ಹಾಕಿದೆ. ನಾನು ಕಳಿಸಿದ ಕಂದು ಜಂಪರನ್ನು ಮಡಿಕೆ ಬಿಚ್ಚದೆ ಮನೆಯಲ್ಲಿಟ್ಟುಕೊಂಡು, ಮಡಿಕೆ ಬಿಚ್ಚದೆ ನನಗೆ ಮರಳಿಸಿದೆ. ಪಿನ್ನನ್ನಾದರೂ ತೆಗೆದಿದ್ದರೆ ನಾನು ಮೋಸ ಹೋಗುತ್ತಿದ್ದೆ. ಮೋಸ ಮಾಡಲೂ ನಿನಗೆ ಸರಿಯಾಗಿ ಬರುವುದಿಲ್ಲ.

ಗುಲಾಬಿ ಜಂಪರು ತೊಟ್ಟ ವರ್ಷ ನಿನಗೆ ನೆನಪಿದೆಯೇ? ಶ್ರಾವಣದಲ್ಲಿ ಟೈಫಾಯಿಡ್ ಬಂದು ದಸರೆಯವರೆಗೆ ಹಾಸಿಗೆ ಹಿಡಿದಿದ್ದೆ. ಗಂಜಿ ಕುಡಿಸಿದವಳು ನೀನು. ನಾನು ಎದ್ದು ಬಚ್ಚಲಿಗೆ ಹೋಗಲು ಗೋಡೆ ಹಿಡಿಯುತ್ತಿದ್ದೆ. ಕೂದಲು ಕೈಗೆ ಬರುತ್ತಿತ್ತು. ಆ ದೀಪಾವಳಿಗೆ ಬಂದವರೆಲ್ಲ ಮಗಳು ಲಕ್ಷಣವಾಗಿದ್ದಾಳೆ ಎಂದರು, ನೀನು ಫೋಟೋ ತೆಗೆಸಿದೆ. ಅದಕ್ಕೆ ಮೊದಲೂ ನಾನು ಹಾಗಿರಲಿಲ್ಲ, ಆಮೇಲೂ ಆಗಲಿಲ್ಲ. ನೀನು ಇಷ್ಟು ದಿನ ಕಾದಿಟ್ಟದ್ದು ನನ್ನ ಅಳತಿಯಲ್ಲ ಅವ್ವಾ, ನನ್ನ ಜ್ವರದ್ದು.

ಖತೀಜಾಬಿ ಎದ್ದು ಟೇಪು ತೆಗೆದಳು. ನನಗೆ ಟೇಪೆಂದರೆ ಹೆದರಿಕೆ. ಅಳತಿ ಜಂಪರು ಕಳಿಸುವುದೇ ಅದಕ್ಕೆ, ಸಂಖ್ಯೆ ಕೇಳಬಾರದು ಎಂದು. ಅವಳು ಎದೆಯ ಸುತ್ತು, ತೋಳಿನ ಸುತ್ತು ಹಿಡಿದು, ಮೂಲೆಯಲ್ಲಿದ್ದ ಜಹೀದಾಳಿಗೆ ಕೇಳುವಂತೆ ಸಂಖ್ಯೆಗಳನ್ನು ಕೂಗಿ ಹೇಳಿದಳು. ನಾನು ಕಣ್ಣು ಮುಚ್ಚಿದ್ದೆ. ತೆರೆದು ನೋಡಿದರೆ ಒಬ್ಬರೂ ತಿರುಗಿರಲಿಲ್ಲ. ಎಲ್ಲರಿಗೂ ತಮ್ಮ ತಮ್ಮ ಕೊಂಡಿಯ ಚಿಂತೆ.

ಎದುರಿನ ಅಂಗಡಿಯಲ್ಲಿ ಅರಿಸಿನ ಬಣ್ಣದ ಕೈಮಗ್ಗದ ಸೀರೆ ಕೊಂಡೆ, ಅಂಗೈ ಅಗಲದ ಕೆಂಪು ಅಂಚು. ಅರಿಸಿನ ಬಣ್ಣದ್ದೇ ಒಂದು ಪೀಸು ಖತೀಜಾಬಿಗೆ ಕೊಟ್ಟು ಬಂದಿದ್ದೇನೆ. ಗುಲಾಬಿಯನ್ನು ಅಲ್ಲೇ ಬಿಟ್ಟಿದ್ದೇನೆ.

ಪಂಚಮಿಗೆ ಬರುವುದಿಲ್ಲ. ರೋಣದವರಿಗೆ ಏನು ಹೇಳಬೇಕೋ ನೀನೇ ಹೇಳು, ಫೋಟೋ ಕೊಟ್ಟವಳು ನೀನು.

ಪಾಠ ಇಪ್ಪತ್ತನಾಲ್ಕಕ್ಕೆ. ಹಬ್ಬದ ಹೊಲಿಗೆ ಮುಗಿದ ಮೇಲೆ ಜಂಪರು ಸಿಗುತ್ತದೆ. ನನಗೆ ರಜೆ ಇಲ್ಲ. ನೀನೇ ತಂದು ಉಡಚಪ್ಪ ಮಾಮಾನ ಕೈಗೆ ಕೊಡಬೇಕು. ಬೇರೆ ದಾರಿ ಇದ್ದಿದ್ದರೆ ನಿನಗೆ ಹೇಳುತ್ತಿರಲಿಲ್ಲ.

ಅನ್ನಪೂರ್ಣಾ


ಅಬ್ಬಿಗೇರಿ
೨೦ ಆಗಸ್ಟ್ ೨೦೨೪

ಅನ್ನಪೂರ್ಣಾಳಿಗೆ.

ಬರೆಯಲು ಕೂತೆ, ಎದ್ದೆ. ಮತ್ತೆ ಕೂತಿದ್ದೇನೆ. ಹೆಸರು ಬಿಡಿಸುವ ಕೆಲಸ ಹತ್ತಿದೆ, ಕೈಗೆ ಬಿಡುವಿಲ್ಲ.

ಪಂಚಮಿಗೆ ರೋಣದವರು ಬಂದರು. ಉಂಡಿ ತಿಂದರು. ಮಗಳು ಬಂದಿಲ್ಲ ಎಂದೆ. ಫೋಟೋ ಹಳೆಯದು, ಈಗ ಹಾಗಿಲ್ಲ ಎಂದೂ ಹೇಳಿ ಮರಳಿ ಇಸಿದುಕೊಂಡೆ. ಬೀರಲಿಂಗ ನನ್ನ ಮೇಲೆ ಸಿಟ್ಟಾದ. ಆಗಲಿ.

ಶನಿವಾರ ಗಜೇಂದ್ರಗಡಕ್ಕೆ ಹೋಗಿದ್ದೆ. ಖತೀಜಾಬಿ ಹೊಸ ಜಂಪರನ್ನೂ ಹಳೆಯದನ್ನೂ ಒಟ್ಟಿಗೆ ಮುಂದೆ ತಳ್ಳಿದಳು. ಹಳದಿ ಎಂದರೆ ಇಷ್ಟು ಹಳದಿ ಎಂದು ತಿಳಿದಿರಲಿಲ್ಲ. ಬಸ್‌ಸ್ಟ್ಯಾಂಡಿನ ಆ ತುದಿಯಿಂದಲೂ ಕಾಣುತ್ತದೆ.

ಮನೆಗೆ ಬಂದು ಹಳದಿಯನ್ನು ಒಮ್ಮೆ ಬಿಚ್ಚಿ ಹಿಡಿದು ನೋಡಿದೆ. ಆಮೇಲೆ ಬಾಗಿಲು ಹಾಕಿಕೊಂಡು ತೊಟ್ಟು ನೋಡಿದೆ. ನನಗೆ ಸರಿಯಾಗುತ್ತದೆ. ಕೊಳೆ ಆಗಿಲ್ಲ, ಹಾಗೇ ಮಡಿಚಿ ಕಳಿಸಿದ್ದೇನೆ. ಹೊಲಿಗೆಗೆ ಕೈ ಹಚ್ಚಿಲ್ಲ.

ಗುಲಾಬಿಯದನ್ನು ಬಿಚ್ಚಿ ತುಂಡು ಮಾಡಿ ಹೊದೆಯುವ ಕೌದಿಗೆ ಹಾಕಿದೆ. ಬಣ್ಣ ಇನ್ನೂ ಹೋಗಿಲ್ಲ.

ಜ್ವರದ ಮಾತು ಬರೆದಿದ್ದೀ. ನನಗೆ ನೆನಪಿದೆ.

ಅವ್ವ


ನರಗುಂದ
೧ ಸೆಪ್ಟೆಂಬರ್ ೨೦೨೪

ಅವ್ವಾ,

ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ. ಮೊದಲು ಅದನ್ನು ಹೇಳಿಬಿಡುತ್ತೇನೆ.

ಇಪ್ಪತ್ತನಾಲ್ಕರಂದು ಹಳದಿ ತೊಟ್ಟೆ. ಸೆರಗನ್ನು ಒಂದೇ ಭುಜಕ್ಕೆ ಹಾಕಿ ಪಿನ್ನು ಮಾಡಿದೆ. ಕನ್ನಡಿಯ ಮುಂದೆ ಕೈ ಮೇಲೆತ್ತಿದೆ, ಇಳಿಸಿದೆ, ಎತ್ತಿದೆ. ಎಲ್ಲೂ ಹಿಡಿಯಲಿಲ್ಲ. ದಪ್ಪಗೇ ಕಂಡೆ. ಆದರೆ ಮೂಟೆಯ ಹಾಗಲ್ಲ. ಸೀರೆ ಉಟ್ಟು ಕೆಲಸಕ್ಕೆ ಹೊರಟ ಹೆಂಗಸಿನ ಹಾಗೆ.

ಮಂಡಳಿಯವರು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಬೋರ್ಡಿನ ತುತ್ತತುದಿಯಲ್ಲಿ ದಿನಾಂಕ ಬರೆದೆ. ಹುಡುಗರಲ್ಲಿ ಗುಜುಗುಜು ಎದ್ದಿತು. ಆಮೇಲೆ ಕೆಳಗಿನ ಎಡಮೂಲೆಯಿಂದ ಗೆರೆ ಎಳೆಯಲು ಹಿಡಿದು, ಮೇಲೆ ದಿನಾಂಕಕ್ಕೆ ತಾಗುವಷ್ಟು ಏರಿಸಿ, ಬಲಮೂಲೆಗೆ ಇಳಿಸಿದೆ. ಸೀಮೆಸುಣ್ಣ ಬೋರ್ಡಿನಿಂದ ತೆಗೆಯದೆ ಒಂದೇ ಗೆರೆ. ತಾಸು ಮುಗಿದ ಮೇಲೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ಬಂದು, ‘ಮಿಸ್, ಇವತ್ತ ನಮಗೂ ಕಾಣಿಸ್ತರಿ’ ಎಂದಳು.

ಅವಳು ಹೊಗಳಲು ಬಂದಿದ್ದಳು. ಅವಳು ಹೋದ ಮೇಲೆ ನಾನು ಹಿಂದಿನ ಬೆಂಚಿಗೆ ಹೋಗಿ ಕೂತು ನೋಡಿದೆ. ಬೋರ್ಡಿನ ಕೆಳಗಿನ ಅರ್ಧ ಮುಂದಿನವರ ತಲೆಗಳ ಹಿಂದೆ ಮರೆಯಾಗುತ್ತದೆ. ನನಗದು ಹೊಳೆದಿರಲೇ ಇಲ್ಲ. ನಾನು ನನ್ನ ಕಂಕುಳನ್ನಷ್ಟೇ ಯೋಚಿಸುತ್ತಿದ್ದೆ. ಇಷ್ಟು ವರ್ಷ ಹಿಂದೆ ಕೂತ ಮಕ್ಕಳು ನನ್ನ ಗಣಿತವನ್ನು ಬರೀ ಕಿವಿಯಿಂದ ಕಲಿತಿದ್ದಾರೆ. ಅವರಲ್ಲಿ ಎಷ್ಟೋ ಮಂದಿ ಫೇಲಾಗಿದ್ದಾರೆ. ಇದರ ಲೆಕ್ಕವನ್ನು ನಾನು ಯಾರ ಹತ್ತಿರ ಕೇಳಲಿ?

ನಿನ್ನೆ ಆದೇಶ ಕೈಗೆ ಬಂತು. ಕೆಲಸ ಖಾಯಂ. ಕೊಡುವಾಗ ಅಧ್ಯಕ್ಷರು, ‘ಪಾಠ ಭಾಳ ಚಲೋ ಆತ್ರಿ. ಮುಂಜಾನೆದ್ದು ಒಂದೀಟು ವಾಕಿಂಗ್ ಮಾಡ್ರಿ’ ಎಂದರು. ಆದೇಶವನ್ನು ಮಡಿಚಿ ಚೀಲದಲ್ಲಿಟ್ಟುಕೊಂಡು ಬಂದೆ.

ನಿನ್ನ ಕಾಗದ ಓದಿದ ಮೇಲೆ ಒಂದು ವಿಷಯ ತಲೆಯಿಂದ ಹೋಗುತ್ತಿಲ್ಲ. ಮೇಲಿನ ಹಲಗೆಯ ಡಬ್ಬಿಯನ್ನು ನೀನು ಎಂದೂ ಇಳಿಸಿದ್ದಿಲ್ಲ. ಮೊದಲು ನನ್ನನ್ನು ಕರೆಯುತ್ತಿದ್ದೆ, ಈಗ ವೈನಿಯನ್ನು. ನಿನಗೆ ಎಟುಕುವುದಿಲ್ಲ ಎಂದುಕೊಂಡಿದ್ದೆ. ನೀನು ವೈನಿಗಿಂತ ಎತ್ತರ ಇದ್ದೀ. ನಿನ್ನ ಜಂಪರಿನ ತೋಳೂ ಬಿಗಿಯೇ?

ದೀಪಾವಳಿಗೆ ಹಸಿರು ಪೀಸು ಕಳಿಸಿದ್ದೇನೆ. ಜಹೀದಾ ಫೋನು ಮಾಡಿದ್ದಳು: ಸಂಖ್ಯೆ ಬರೆದಿಟ್ಟಿದ್ದು ಹಬ್ಬದ ಕಸದಲ್ಲಿ ಹೋಯಿತಂತೆ, ಮತ್ತೆ ಅಳತಿ ಜಂಪರೇ ಬೇಕಂತೆ. ಹಳದಿಯನ್ನೇ ಕಳಿಸಿದ್ದೇನೆ. ತೋಳಿಗೆ ಚೀಟಿ ಚುಚ್ಚಿದ್ದೇನೆ. ಈ ಸಲ ಪಿನ್ನು ನೀನೇ ತೆಗೆದು ಓದು.

ಪೀಸು ಎರಡಿವೆ. ಒಂದು ನಿನ್ನದು. ಅಳತಿ ಒಂದೇ ಸಾಕು.

ನಿನ್ನ
ಅನ್ನಪೂರ್ಣಾ